ಕಲಾವಿದರ ಕಡತ: ರಟ್ಟಿನಿಂದ ಜಾಲತಾಣಕ್ಕೆ

ಎರಡು ವರ್ಷದ ಹಿಂದೆ ಕ್ಷೇತ್ರಕಾರ್ಯಕ್ಕೆಂದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಮನೆಗೆ ಹೋಗಿದ್ದೆ. ನನ್ನ ಪಿಎಚ್‌ಡಿ ವಿಷಯ ಕಲಾಶಿಕ್ಷಣದ ದಾಖಲೆಗಳು. ಸರ್ಕಾರಿ ಕಡತಗಳಲ್ಲಿ ಪಠ್ಯಕ್ರಮ ಸಿಗುತ್ತದೆ, ನೇಮಕಾತಿ ಆದೇಶ ಸಿಗುತ್ತದೆ; ಆದರೆ ವಿದ್ಯಾರ್ಥಿಗಳು ನಿಜಕ್ಕೂ ಏನು ಬರೆದರು ಎನ್ನುವುದು ಸಿಗುವುದಿಲ್ಲ. ಅದಕ್ಕಾಗಿ ಮನೆಮನೆ ಅಲೆಯಬೇಕು. ಮೇಷ್ಟ್ರು ಮಂಚದ ಕೆಳಗಿನಿಂದ ಎರಡು ದೊಡ್ಡ ರಟ್ಟುಗಳನ್ನು ಎಳೆದರು. ಮೂರು ಕಡೆ ಲಾಡಿ ಕಟ್ಟಿ, ಮೇಲೆ ಹಳೆಯ ಪಂಚೆ ಸುತ್ತಿತ್ತು. ಒಳಗೆ ಎಪ್ಪತ್ತಕ್ಕೂ ಹೆಚ್ಚು ಹಾಳೆ: ಹೂಜಿ, ಮಣೆ, ಕುರ್ಚಿ, ದಾಸವಾಳ, ಪರ್‌ಸ್ಪೆಕ್ಟಿವ್ ಅಭ್ಯಾಸಗಳು, ಹೈಯರ್ ಗ್ರೇಡ್ ಪರೀಕ್ಷೆಗೆ ಮುಂಚೆ ಬರೆದ ವಿನ್ಯಾಸಗಳು. ಅಂಚುಗಳನ್ನು ಹುಳ ತಿಂದಿತ್ತು. ಆದರೂ ಪ್ರತಿ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ದಿನಾಂಕ, ಕಾಗದದ ಬಗೆ, ತಿದ್ದಿದ ಗುರುಗಳ ಹೆಸರು. ಅತ್ಯಂತ ಹಳೆಯದು 1961ರದ್ದು.

ನಾನು ಫೋಟೊ ತೆಗೆದು, ಅಳತೆ ಬರೆದುಕೊಂಡು ಮುಗಿಸುವಾಗ ಸಂಜೆಯಾಗಿತ್ತು. ಕಾಫಿ ಕೊಡುತ್ತ ಮೇಷ್ಟ್ರು ಕೇಳಿದರು: "ನೀನೂ ಚಿತ್ರಕಲೆ ಓದಿದವಳೇ ಅಂದ್ಯಲ್ಲಮ್ಮ, ನಿನ್ನ ಕೆಲಸ ತೋರಿಸು ನೋಡೋಣ."

"ವೆಬ್‌ಸೈಟಲ್ಲಿತ್ತು ಸಾರ್."

"ಇತ್ತು ಅಂದ್ರೆ?"

ಆ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಈ ಬರಹ ಒಂದು ರೀತಿಯಲ್ಲಿ ಆ ಉತ್ತರ.

2018ರಲ್ಲಿ ನಾನು ಬಿವಿಎ ಕೊನೆಯ ವರ್ಷದಲ್ಲಿದ್ದೆ. ಎಂವಿಎ ಸೀಟು, ಫೆಲೋಶಿಪ್, ರೆಸಿಡೆನ್ಸಿ, ಯಾವ ಅರ್ಜಿ ತೆರೆದರೂ "ಪೋರ್ಟ್‌ಫೋಲಿಯೊ ಲಿಂಕ್" ಎಂಬ ಖಾಲಿ ಚೌಕ ಇರುತ್ತಿತ್ತು. ನಮ್ಮ ಬ್ಯಾಚಿನ ಎಲ್ಲರೂ ಎರಡು ವಾರ ಸ್ಟುಡಿಯೊ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತೆವು. ನಾನು ಉಚಿತ ಸೇವೆಯೊಂದರಲ್ಲಿ ಸಿದ್ಧ ಮಾದರಿ ಆರಿಸಿ, ಬಿಳಿ ಹಿನ್ನೆಲೆಯಲ್ಲಿ ಮೂರು ಸಾಲು ಚೌಕಗಳನ್ನಿಟ್ಟು, "ನನ್ನ ಬಗ್ಗೆ" ಎಂಬ ಪುಟ ಬರೆದು ಮುಗಿಸಿದೆ. ಅದರಲ್ಲಿ ಮುಖ್ಯವಾದದ್ದು ಒಂದು ಗೋಡೆಚಿತ್ರ. ಸ್ಟುಡಿಯೊದ ಹನ್ನೆರಡು ಅಡಿ ಗೋಡೆಯ ಮೇಲೆ ನಲವತ್ತು ದಿನ ಇದ್ದಿಲಿನಲ್ಲಿ ಬರೆದದ್ದು. ಮೌಲ್ಯಮಾಪನ ಮುಗಿದ ಮೇಲೆ ಮುಂದಿನ ಬ್ಯಾಚಿಗಾಗಿ ಗೋಡೆಗೆ ಸುಣ್ಣ ಬಳಿದರು. ಅದು ಗೊತ್ತಿದ್ದೇ ಬರೆದದ್ದು, ಬೇಸರವಾಗಲಿಲ್ಲ. ಫೋಟೊಗಳಿದ್ದವಲ್ಲ. ಗೆಳತಿಯ ಕ್ಯಾಮೆರಾದಲ್ಲಿ ತೆಗೆದ ಆ ಫೋಟೊಗಳು ಜಾಲತಾಣ ಸೇರಿದ ಮೇಲೆ ಕಾರ್ಡನ್ನು ಅಳಿಸಿ ಅವಳಿಗೆ ಹಿಂದಿರುಗಿಸಿದೆ.

ಕೆಲವು ವರ್ಷಗಳಲ್ಲಿ ಆ ಕಂಪನಿ ಉಚಿತ ಪುಟಗಳನ್ನು ನಿಲ್ಲಿಸಿತು. ಎಚ್ಚರಿಕೆಯ ಪತ್ರಗಳು ಹೋದದ್ದು ನಾನು ತೆರೆಯುವುದನ್ನೇ ಬಿಟ್ಟಿದ್ದ ಕಾಲೇಜಿನ ಇಮೇಲಿಗೆ. ನೋಡುವ ಹೊತ್ತಿಗೆ ವಿಳಾಸವೇ ಇರಲಿಲ್ಲ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದೆ. ಮೊದಲ ಪುಟ ಸಿಕ್ಕಿತು: ನನ್ನ ಹೆಸರು, ಮೂರು ಸಾಲು ಬೂದು ಚೌಕಗಳು, ಪ್ರತಿ ಚೌಕದಲ್ಲಿ ಕ್ಯಾಮೆರಾ ಕೊಟ್ಟ ಫೈಲ್ ಸಂಖ್ಯೆ. ಚಿತ್ರಗಳು ಉಳಿದಿರಲಿಲ್ಲ. ಅರವತ್ತು ವರ್ಷ ಹಳೆಯ ಹೂಜಿ ಮಂಚದ ಕೆಳಗೆ ಕ್ಷೇಮವಾಗಿತ್ತು. ಐದು ವರ್ಷ ಹಳೆಯ ನನ್ನ ಗೋಡೆ ಎಲ್ಲೂ ಇರಲಿಲ್ಲ.

ತಪ್ಪು ನನ್ನದೇ ಎಂದು ಮೊದಲು ಅನಿಸಿತು. ಆಮೇಲೆ ಓದುತ್ತ ಹೋದಂತೆ, ಇದು ನನ್ನೊಬ್ಬಳ ಅಜಾಗರೂಕತೆ ಮಾತ್ರವಲ್ಲ, ಪೋರ್ಟ್‌ಫೋಲಿಯೊ ಎಂಬ ವಸ್ತುವಿನ ಚರಿತ್ರೆಯಲ್ಲಿ ಆಗಿರುವ ಒಂದು ಮರೆವು ಎನಿಸತೊಡಗಿತು.

*

ಪೋರ್ಟ್‌ಫೋಲಿಯೊ ಪದ ಇಟಲಿಯ ಭಾಷೆಯಿಂದ ಬಂದದ್ದು. ಹೊರುವುದು, ಹಾಳೆ ಎಂಬ ಎರಡು ಪದ ಸೇರಿ ಆದದ್ದು. ಹಾಳೆ ಹೊರುವ ಚೀಲ, ಅಷ್ಟೆ. ಆದರೆ ಕಲಾವಿದರು ಹಾಳೆಗಳನ್ನು ಹೊತ್ತದ್ದು ಒಂದೇ ಕಾರಣಕ್ಕಲ್ಲ.

ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ 13ನೇ ಶತಮಾನದ ಒಂದು ಚರ್ಮದ ಪುಸ್ತಕವಿದೆ. ಬರೆದವನು ವಿಲ್ಲಾರ್ ದ ಒನ್‌ಕೂರ್. ಉಳಿದಿರುವುದು 33 ಎಲೆ. ಚರ್ಚಿನ ಗೋಪುರ, ನೀರಿನ ಬಲದಿಂದ ಓಡುವ ಗರಗಸ, ಸಿಂಹ, ಕುಸ್ತಿಪಟುಗಳು, ಮುಖದ ಮೇಲೆ ತ್ರಿಕೋನ ಎಳೆದು ಪ್ರಮಾಣ ತೋರಿಸುವ ಚಿತ್ರ, ಎಲ್ಲ ಒಟ್ಟಿಗಿವೆ. ಆರಂಭದಲ್ಲಿ ತನ್ನ ಹೆಸರು ಹೇಳಿ, ಈ ಪುಸ್ತಕ ಬಳಸುವವರು ತನ್ನ ಆತ್ಮಕ್ಕಾಗಿ ಪ್ರಾರ್ಥಿಸಲಿ, ತನ್ನನ್ನು ನೆನೆಯಲಿ ಎಂದು ಕೇಳಿಕೊಳ್ಳುತ್ತಾನೆ. ಅವನು ಕೆಲಸ ಬೇಡುತ್ತಿಲ್ಲ. ಕಲಿತದ್ದನ್ನು ಮುಂದಿನವರಿಗೆ ಕೊಡುತ್ತಿದ್ದಾನೆ, ಬದಲಿಗೆ ನೆನಪನ್ನು ಕೇಳುತ್ತಿದ್ದಾನೆ.

ನಮ್ಮ ಚಿತ್ರಕಾರ ಮನೆತನಗಳಲ್ಲೂ ಇಂಥ ಹಾಳೆಗಳಿದ್ದವು. ಉತ್ತರದ ಕಿರುಚಿತ್ರ ಪರಂಪರೆಯಲ್ಲಿ ಅದಕ್ಕೆ ಚರ್ಬಾ ಎನ್ನುತ್ತಿದ್ದರು. ಜಿಂಕೆಯ ಚರ್ಮವನ್ನು ಪಾರದರ್ಶಕವಾಗುವಷ್ಟು ತೆಳುವಾಗಿಸಿ, ಒಳ್ಳೆಯ ಚಿತ್ರದ ಮೇಲಿಟ್ಟು ಗೆರೆ ಎತ್ತಿಕೊಳ್ಳುತ್ತಿದ್ದರು. ಗೆರೆಗುಂಟ ಸೂಜಿಯಿಂದ ಚುಚ್ಚಿ, ಹೊಸ ಕಾಗದದ ಮೇಲಿಟ್ಟು ಇದ್ದಿಲಿನ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿಗಳಲ್ಲಿ ಚಿತ್ರ ಇಳಿಯುತ್ತಿತ್ತು. ತಂದೆಯಿಂದ ಮಗನಿಗೆ ಬರುತ್ತಿದ್ದ ಈ ಕಟ್ಟು ಹೊರಗಿನವರಿಗೆ ತೋರಿಸುವುದಕ್ಕಲ್ಲ. ಅದು ಮನೆಯ ಬಂಡವಾಳ. ಅಲ್ಲಿ ಒಬ್ಬ ಕಲಾವಿದನ ಹೆಸರಿಗಿಂತ ಕೈಯ ಪರಂಪರೆ ಮುಖ್ಯ.

ಬೇಡಿಕೆಯ ಪೋರ್ಟ್‌ಫೋಲಿಯೊಗೆ ದೊಡ್ಡ ಉದಾಹರಣೆ ಲಿಯೊನಾರ್ಡೊ ದ ವಿಂಚಿ. ಸುಮಾರು 1482ರಲ್ಲಿ ಅವನು ಮಿಲಾನಿನ ಲುಡೊವಿಕೊ ಸ್ಫೋರ್ಜಾಗೆ ಬರೆದನೆನ್ನುವ ಪತ್ರದ ಕರಡು ಇಂದಿಗೂ ಉಳಿದಿದೆ. ಅಂಕಿ ಹಾಕಿದ ಪಟ್ಟಿ ಅದು. ಹಗುರವಾದ ಸೇತುವೆ ಕಟ್ಟಬಲ್ಲೆ, ಕಂದಕದ ನೀರು ಹೊರಹಾಕಬಲ್ಲೆ, ಫಿರಂಗಿ ಮಾಡಬಲ್ಲೆ, ಮುಚ್ಚಿದ ರಥ ಮಾಡಬಲ್ಲೆ ಎಂದು ಯುದ್ಧವಿದ್ಯೆಯೇ ಸಾಲುಸಾಲಾಗಿ ಬರುತ್ತದೆ. ಶಾಂತಿಕಾಲದ ಕಟ್ಟಡ, ಕಾಲುವೆಗಳ ಮಾತು ಹತ್ತನೆಯದು. ಶಿಲ್ಪ ಮತ್ತು ಚಿತ್ರಕಲೆ ಬರುವುದು ಅದರ ನಂತರ, ಕೊನೆಯಲ್ಲಿ. ಮಿಲಾನಿಗೆ ಬೇಕಾದದ್ದು ಎಂಜಿನಿಯರ್, ಆದ್ದರಿಂದ ಅವನು ಎಂಜಿನಿಯರ್ ಆದ. ಓದುವವನ ಅಗತ್ಯಕ್ಕೆ ತಕ್ಕಂತೆ ತನ್ನನ್ನು ಜೋಡಿಸಿಕೊಳ್ಳುವುದು, ಇವತ್ತು ಅರ್ಜಿ ತುಂಬುವ ನಾವೆಲ್ಲ ಮಾಡುವುದು ಇದನ್ನೇ.

ಮೂರನೆಯದು ದಾಖಲೆಯ ಪೋರ್ಟ್‌ಫೋಲಿಯೊ. 1630ರ ದಶಕದ ನಡುವಿನಲ್ಲಿ ರೋಮಿನಲ್ಲಿದ್ದ ಕ್ಲೋದ್ ಲೊರೆನ್ ಎಂಬ ಭೂದೃಶ್ಯ ಚಿತ್ರಕಾರನಿಗೆ ಒಂದು ಕಷ್ಟ ಬಂತು. ಅವನ ಶೈಲಿಯನ್ನು ಕದ್ದು ಬೇರೆಯವರು ಚಿತ್ರ ಬರೆದು ಅವನ ಹೆಸರಿನಲ್ಲಿ ಮಾರತೊಡಗಿದರು. ಅವನು ಒಂದು ಪುಸ್ತಕ ಮಾಡಿದ. ಚಿತ್ರವೊಂದು ಮುಗಿದು ಮನೆ ಬಿಡುವಾಗ ಅದರ ಪ್ರತಿಯನ್ನು ಪೆನ್ನಿನಲ್ಲೂ ತೆಳು ಮಸಿಯಲ್ಲೂ ಈ ಪುಸ್ತಕದಲ್ಲಿ ಬರೆದಿಡುವುದು; ಹಿಂಬದಿಯಲ್ಲಿ ಯಾರಿಗೆ, ಯಾವ ಊರಿಗೆ ಎಂದು ಗುರುತು ಹಾಕುವುದು. ಒಂದಷ್ಟು ಬಿಳಿ ಹಾಳೆ, ಒಂದಷ್ಟು ನೀಲಿ ಹಾಳೆ ಸೇರಿಸಿ ಕಟ್ಟಿದ ಪುಸ್ತಕ. ಸಾಯುವವರೆಗೆ, ಅಂದರೆ 1682ರವರೆಗೆ ಅದನ್ನು ಬಿಡಲಿಲ್ಲ. 195 ಚಿತ್ರಗಳಾದವು. 'ಲಿಬೆರ್ ವೆರಿಟಾಟಿಸ್', ಅಂದರೆ ಸತ್ಯದ ಪುಸ್ತಕ ಎಂದು ಕರೆಯುವ ಇದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾವ ಚಿತ್ರ ಅವನದು, ಯಾವುದು ಅಲ್ಲ ಎಂದು ತೀರ್ಮಾನಿಸಲು ವಿದ್ವಾಂಸರು ಇಂದಿಗೂ ತೆರೆಯುವುದು ಇದನ್ನೇ. ಇದನ್ನು ಅವನು ಯಾರಿಗೂ ಅರ್ಜಿಯ ಜೊತೆ ಲಗತ್ತಿಸಲಿಲ್ಲ. ತನಗಾಗಿ, ಸತ್ಯಕ್ಕಾಗಿ ಇಟ್ಟುಕೊಂಡ.

ಕಲಿಕೆ, ಬೇಡಿಕೆ, ದಾಖಲೆ. ಒಂದು ಕಟ್ಟು ಹಾಳೆ ಈ ಮೂರರಲ್ಲಿ ಯಾವುದಕ್ಕಾಗಿ ಎನ್ನುವುದರ ಮೇಲೆ ಅದರ ರೂಪ ನಿಲ್ಲುತ್ತದೆ. ನಮ್ಮ ಬ್ಯಾಚಿನವರು ಮಾಡಿದ ಜಾಲತಾಣಗಳೆಲ್ಲ ಲಿಯೊನಾರ್ಡೊನ ಪತ್ರಗಳು. ನಾವು ಅವನ್ನು ಕ್ಲೋದ್‌ನ ಪುಸ್ತಕ ಎಂದು ತಪ್ಪು ತಿಳಿದಿದ್ದೆವು.

*

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ದಾಖಲೆ ಯಾರ ಬಳಿ ಇರಬೇಕು?

1763ರಲ್ಲಿ ಜಸ್ರೋಟಾದ ಬಲವಂತ ಸಿಂಗ್ ತೀರಿಕೊಂಡಾಗ, ಅವನ ಆಶ್ರಯದಲ್ಲಿದ್ದ ಪಹಾಡಿ ಚಿತ್ರಕಾರ ನೈನ್‌ಸುಖ್ ಹರಿದ್ವಾರಕ್ಕೆ ಹೋದ. ಅಲ್ಲಿನ ಪಂಡರು ಯಾತ್ರಿಕರ ಮನೆತನ, ಊರು, ಹಿರಿಯರ ಹೆಸರನ್ನು 'ಬಹಿ' ಎಂಬ ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಬರೆದಿಡುತ್ತಾರೆ. ನೈನ್‌ಸುಖ್ ತನ್ನ ವಂಶಾವಳಿಯನ್ನು ಬರೆದದ್ದಲ್ಲದೆ ಒಂದು ಚಿತ್ರವನ್ನೂ ಅಲ್ಲೇ ಬಿಡಿಸಿದ. ಸುಮಾರು ಇನ್ನೂರು ವರ್ಷದ ನಂತರ ಕಲಾ ಇತಿಹಾಸಕಾರ ಬಿ.ಎನ್. ಗೋಸ್ವಾಮಿ ಇಂಥ ಬಹಿಗಳನ್ನು ಹುಡುಕಿ ಓದಿದರು. 1968ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧ, ಪಹಾಡಿ ಶೈಲಿಗಳನ್ನು ರಾಜ್ಯಗಳ ಹೆಸರಿನಿಂದಲ್ಲ, ಚಿತ್ರಕಾರ ಕುಟುಂಬಗಳ ಹೆಸರಿನಿಂದ ಅರ್ಥಮಾಡಿಕೊಳ್ಳಬೇಕು ಎಂದು ವಾದಿಸಿತು. ಹೆಸರಿಲ್ಲದವರೆಂದು ತಿಳಿದಿದ್ದ ಕಲಾವಿದರಿಗೆ ತಂದೆ, ಅಣ್ಣ, ಮಕ್ಕಳು ಸಿಕ್ಕರು. ಅವರನ್ನು ಉಳಿಸಿದ್ದು ಅರಮನೆಯಲ್ಲ, ಪಂಡರ ಮನೆಯ ಕಪಾಟು.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ನೈನ್‌ಸುಖ್‌ನ ಪುಟವನ್ನು ಬೇರೆಯವರು 'ಹೋಸ್ಟ್' ಮಾಡಿದ್ದರು. ನನ್ನ ಪುಟವನ್ನೂ ಬೇರೆಯವರೇ ಮಾಡಿದ್ದು. ವ್ಯತ್ಯಾಸವೇನು? ಪಂಡರಿಗೆ ಆ ಪುಸ್ತಕವೇ ಜೀವನೋಪಾಯ. ಮುಂದಿನ ತಲೆಮಾರಿನ ಯಾತ್ರಿಕ ಬಂದಾಗ ಹಳೆಯ ಪುಟ ತೆರೆದು ತೋರಿಸಿದರೆ ಮಾತ್ರ ಅವರಿಗೆ ದಕ್ಷಿಣೆ. ಹಳೆಯದನ್ನು ಉಳಿಸುವುದರಲ್ಲಿ ಅವರ ಲಾಭವಿತ್ತು. ನನ್ನ ಪುಟವಿದ್ದ ಕಂಪನಿಗೆ ಲಾಭ ಹೊಸಬರು ಸೇರುವುದರಲ್ಲಿ.

ಕನ್ನಡದಲ್ಲಿ ನಾವು ಫೈಲಿಗೆ ಕಡತ ಎನ್ನುತ್ತೇವೆ. ಆ ಪದದ ಮೂಲ ವಸ್ತುವನ್ನು ನಾನು ನೋಡಿದ್ದು ಇತ್ತೀಚೆಗೆ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಕಪ್ಪು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ಲೆಕ್ಕ, ಒಪ್ಪಂದ, ಪತ್ರಗಳ ನಕಲು ಎಲ್ಲ ಅದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಪರಿಚಿತ. ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹ ಹೋಗುತ್ತದೆ, ಮತ್ತೆ ಬರೆಯಬಹುದು. ಜಾಲತಾಣಕ್ಕೆ ಇದಕ್ಕಿಂತ ಹತ್ತಿರದ ವಸ್ತು ನನಗೆ ತಿಳಿಯದು. ಬರೆಯುವುದು ಸುಲಭ, ತಿದ್ದುವುದು ಸುಲಭ, ಅಳಿಯುವುದೂ ಸುಲಭ. ಹಾಗಿದ್ದೂ ಕಡತಗಳು ಶತಮಾನ ದಾಟಿವೆ. ಯಾರೋ ಒರೆಸದೆ, ಮಡಚಿ, ಪೆಟ್ಟಿಗೆಯಲ್ಲಿಟ್ಟರು ಎಂಬುದೇ ಕಾರಣ.

*

ಜಾಲದ ಚರಿತ್ರೆ ತೆರೆದರೆ, ಈ ಒರೆಸುವ ಕೆಲಸ ಮೊದಲ ದಿನದಿಂದಲೇ ನಡೆದಿದೆ. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ರೂಪಿಸಿದ ವರ್ಲ್ಡ್ ವೈಡ್ ವೆಬ್ ಅನ್ನು 1991ರ ಆಗಸ್ಟ್‌ನಲ್ಲಿ ಹೊರಜಗತ್ತಿಗೆ ಪರಿಚಯಿಸಿದ. ಆ ಮೊದಲ ತಾಣವನ್ನು 2013ರಲ್ಲಿ ಸರ್ನ್ ಹಳೆಯ ವಿಳಾಸದಲ್ಲೇ ಮತ್ತೆ ನಿಲ್ಲಿಸಿತು. ಆದರೆ ಅವರಿಗೆ ಸಿಕ್ಕಿದ್ದು 1992ರ ಪ್ರತಿ. ಪುಟವನ್ನು ತಿದ್ದುತ್ತ ಹೋದಂತೆ ಅದಕ್ಕೂ ಮೊದಲಿನ ರೂಪ ಅಳಿದಿತ್ತು. ಮೊದಲ ಜಾಲತಾಣವನ್ನು ಮಾಡಿದವರೇ ಅದರ ಮೊದಲ ಪ್ರತಿಯನ್ನು ಎತ್ತಿಡಲಿಲ್ಲ.

ಆಗ ಜಾಲ ಪಠ್ಯದ್ದು. ಚಿತ್ರಕಾರರಿಗೆ ಅಲ್ಲಿ ಕೆಲಸವಿರಲಿಲ್ಲ. 1993ರಲ್ಲಿ ಬಂದ ಮೊಸಾಯಿಕ್ ಬ್ರೌಸರ್ ಪಠ್ಯದ ನಡುವೆಯೇ ಚಿತ್ರ ಕಾಣುವಂತೆ ಮಾಡಿ ಜನಪ್ರಿಯವಾಯಿತು. ಪುಟಕ್ಕೆ ವಿನ್ಯಾಸ ಬೇಕೆಂದರೆ, ಲೆಕ್ಕಪಟ್ಟಿಗೆಂದು ಇದ್ದ ಕೋಷ್ಟಕಗಳನ್ನೇ ಗೆರೆ ಮರೆಮಾಡಿ ಬಳಸುತ್ತಿದ್ದರು. 1994ರಲ್ಲಿ ಹೋಕೊನ್ ವಿಯುಮ್ ಲೀ ರೂಪವನ್ನು ವಿಷಯದಿಂದ ಬೇರೆಯಾಗಿ ಬರೆಯುವ ಸಿಎಸ್ಎಸ್ ಪ್ರಸ್ತಾಪಿಸಿದ; 1996ರಲ್ಲಿ ಅದು ಮಾನದಂಡವಾಯಿತು. ಹಾಳೆ ಬೇರೆ, ಅದಕ್ಕೆ ಹಾಕುವ ಚೌಕಟ್ಟು ಬೇರೆ ಎಂಬ ಈ ತಿಳಿವು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಅದೇ 1996ರಲ್ಲಿ ಮಾಸ್ಕೋದ ಕಲಾವಿದೆ ಓಲ್ಯಾ ಲ್ಯಾಲಿನಾ, ಕ್ಲಿಕ್ಕಿಸಿದಂತೆ ಪರದೆ ಒಡೆದು ಚಿಕ್ಕ ಚಿಕ್ಕ ಚೌಕಗಳಾಗುವ, ಯುದ್ಧದಿಂದ ಮರಳಿದ ಗೆಳೆಯನ ಕತೆಯನ್ನು ಪುಟದಲ್ಲಿ ಕಟ್ಟಿದಳು. ಇಲ್ಲಿ ಜಾಲತಾಣ ಕೃತಿಗಳನ್ನಿಡುವ ಚೀಲವಲ್ಲ, ಅದೇ ಕೃತಿ. ಅವಳು ಆಮೇಲೆ ಮಾಡಿದ ಇನ್ನೊಂದು ಕೆಲಸ ನನಗೆ ಇನ್ನೂ ಮುಖ್ಯ. 1994ರಲ್ಲಿ ಶುರುವಾದ ಜಿಯೋಸಿಟೀಸ್ ಎಂಬ ಸೇವೆಯಲ್ಲಿ ಲಕ್ಷಾಂತರ ಸಾಮಾನ್ಯ ಜನ ತಮ್ಮ ಮೊದಲ ಪುಟ ಕಟ್ಟಿದ್ದರು: ನಕ್ಷತ್ರದ ಹಿನ್ನೆಲೆ, 'ಕೆಲಸ ನಡೆಯುತ್ತಿದೆ' ಎನ್ನುವ ಫಲಕ, ಸಂದರ್ಶಕರ ಪುಸ್ತಕ. ಅದನ್ನು ಕೊಂಡಿದ್ದ ಯಾಹೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಮುಚ್ಚುವ ಮೊದಲು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಕೊಂಡಿತು. ಲ್ಯಾಲಿನಾ ಮತ್ತು ಡ್ರಾಗನ್ ಎಸ್ಪೆನ್‌ಶೀಡ್ ಆ ಒಂದು ಟೆರಾಬೈಟ್ ರಾಶಿಯನ್ನು ವರ್ಷಗಟ್ಟಲೆ ಬಿಡಿಸಿ, ಹಳೆಯ ಪುಟಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತ ಬಂದರು. ಗೋಸ್ವಾಮಿ ಬಹಿಗಳಲ್ಲಿ ಮಾಡಿದ ಕೆಲಸವನ್ನು ಇವರು ಅಲ್ಲಿ ಮಾಡಿದರು.

ಕಲಾವಿದ್ಯಾರ್ಥಿಗಳ ಪೋರ್ಟ್‌ಫೋಲಿಯೊಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಫ್ಲಾಶ್‌ನಿಂದ. 1996ರ ಕೊನೆಯಲ್ಲಿ ಮ್ಯಾಕ್ರೊಮೀಡಿಯಾ ಕೊಂಡು ಹೆಸರಿಟ್ಟ ಈ ತಂತ್ರಾಂಶ, 2005ರಲ್ಲಿ ಅಡೋಬಿಯದಾಯಿತು. ಚಲಿಸುವ ಮುಖಪುಟ, ಸಂಗೀತ, ಬಾಗಿಲು ತೆರೆದಂತೆ ತೆರೆಯುವ ಚಿತ್ರಗಳು, ಎರಡು ಸಾವಿರದ ದಶಕದಲ್ಲಿ ಓದಿದ ನನ್ನ ಹಿರಿಯರಿಗೆ ಇದೇ ಆಕರ್ಷಣೆ. ಐಫೋನ್ ಅದನ್ನು ಒಳಬಿಡಲಿಲ್ಲ. 2010ರಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಕಾರಣ ಕೊಟ್ಟ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಬೆಂಬಲ ನಿಲ್ಲಿಸಿತು. ಸರ್ವರಿನಲ್ಲಿ ಫೈಲು ಇದ್ದರೂ ಬ್ರೌಸರ್ ತೆರೆಯದು. ಹುಳ ತಿಂದ ಹಾಳೆಯಲ್ಲಿ ಅರ್ಧ ದಾಸವಾಳವಾದರೂ ಕಾಣುತ್ತದೆ. ಇಲ್ಲಿ ಬಿಳಿಯ ಚೌಕ ಮಾತ್ರ. ಅಂಥ ಫೈಲುಗಳನ್ನು ಮತ್ತೆ ಓಡಿಸುವ ಎಮ್ಯುಲೇಟರ್‌ಗಳು ಈಗ ಬಂದಿವೆ, ಆದರೆ ಮೂಲ ಫೈಲು ಉಳಿಸಿಕೊಂಡವರಿಗೆ ಮಾತ್ರ ಅವುಗಳ ಉಪಯೋಗ.

ಕನ್ನಡದ ಮಟ್ಟಿಗೆ ಇನ್ನೊಂದು ಅಳಿವೂ ಇದೆ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗವಿತ್ತು. ಬಳಕೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ನಮ್ಮ ತಾಣಗಳು ಬೇರೆಬೇರೆ ಫಾಂಟುಗಳ ಸಂಕೇತದಲ್ಲಿದ್ದವು. ಓದಬೇಕಾದರೆ ಮೊದಲು ಫಾಂಟ್ ಇಳಿಸಿಕೊಳ್ಳಬೇಕಿತ್ತು. ಇವತ್ತು ಅಂಥ ಹಳೆಯ ಪುಟ ಸಿಕ್ಕರೂ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇನ್ನು ಕೆಲವರು ಕನ್ನಡವನ್ನು ಚಿತ್ರವಾಗಿಯೇ ಅಂಟಿಸುತ್ತಿದ್ದರು. ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಒಬ್ಬ ಕಲಾವಿದನ ಹೆಸರು ಕನ್ನಡದಲ್ಲಿ ಜಾಲದ ಮೇಲೆ ಇದ್ದೂ ಇಲ್ಲದಂತಾದ ಕಾಲ ಅದು.

*

ಇಷ್ಟು ಓದಿದ ಮೇಲೆ, ಕಳೆದ ವರ್ಷ ನನ್ನ ಜಾಲತಾಣವನ್ನು ಮತ್ತೆ ಕಟ್ಟಲು ಕೂತೆ. ಚಿತ್ರ ಬರೆಯುವುದು ಈಗ ಕಡಿಮೆ. ಆದರೂ ಉಳಿದ ಮರದಚ್ಚುಗಳು, ಪೆನ್ಸಿಲ್ ಹಾಳೆಗಳು ಇವೆ. ಈ ಸಲ ಮಾದರಿ ಆರಿಸುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ, ಈಗ ಎಲ್ಲಿದೆ. ಐದು ಅಂಕಣ. ಇದು ಕ್ಲೋದ್‌ನಿಂದಲೂ ಮೇಷ್ಟ್ರ ಹಾಳೆಗಳ ಬೆನ್ನಿನಿಂದಲೂ ಕಲಿತದ್ದು.

ಅಳತೆ ಏಕೆ ಮುಖ್ಯವೆಂದರೆ, ಪರದೆ ಎಲ್ಲವನ್ನೂ ಒಂದೇ ಗಾತ್ರ ಮಾಡಿಬಿಡುತ್ತದೆ. ಅಂಗೈ ಅಗಲದ ಎಚಿಂಗ್, ಆರಡಿ ಕ್ಯಾನ್ವಾಸ್ ಎರಡೂ ಒಂದೇ ಚೌಕದಲ್ಲಿ ಕೂರುತ್ತವೆ. ಮಾರ್ಸೆಲ್ ದ್ಯುಶಾಂ 1935ರಿಂದ 1941ರವರೆಗೆ ತನ್ನ ಕೃತಿಗಳನ್ನೆಲ್ಲ ಚಿಕ್ಕದಾಗಿಸಿ, 69 ಪ್ರತಿಕೃತಿಗಳನ್ನು ಒಂದು ಸೂಟ್‌ಕೇಸಿನ ಪೆಟ್ಟಿಗೆಯಲ್ಲಿ ಕೂರಿಸಿದ. ಯುದ್ಧದ ಕಾಲದಲ್ಲಿ ಚೀಸ್ ವ್ಯಾಪಾರಿಯ ಪರವಾನಗಿ ಹಿಡಿದು ಅದರ ಸಾಮಗ್ರಿಗಳನ್ನು ಗಡಿ ದಾಟಿಸಿದ. ಆ ಪೆಟ್ಟಿಗೆಯಲ್ಲಿ ಎಲ್ಲವೂ ಕುಗ್ಗಿವೆ ಎಂದು ನೋಡುವವರಿಗೆ ಗೊತ್ತಾಗುತ್ತದೆ, ಅದೇ ಅದರ ಆಟ. ಜಾಲತಾಣದಲ್ಲಿ ಕುಗ್ಗಿದ್ದು ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿ ಚಿತ್ರದ ಕೆಳಗೆ ಸೆಂಟಿಮೀಟರಿನಲ್ಲಿ ಅಳತೆ ಬರೆದೆ. ದೊಡ್ಡವಕ್ಕೆ ಪಕ್ಕದಲ್ಲಿ ಮನುಷ್ಯರು ನಿಂತ ಒಂದು ಫೋಟೊ ಸೇರಿಸಿದೆ.

ಬಣ್ಣದ ವಿಷಯದಲ್ಲಿ ಸೋಲನ್ನು ಮೊದಲೇ ಒಪ್ಪಿಕೊಳ್ಳಬೇಕು. ನನ್ನ ಮರದಚ್ಚಿನ ಕೆಂಪು ಒಂದು ಫೋನಿನಲ್ಲಿ ಕುಂಕುಮ, ಇನ್ನೊಂದರಲ್ಲಿ ಇಟ್ಟಿಗೆ. ನೆರಳಿನಲ್ಲಿ, ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಬೂದು ಕಾರ್ಡಿಟ್ಟು ಫೋಟೊ ತೆಗೆದು, ಹೆಚ್ಚಿನ ಪರದೆಗಳಿಗೆ ಹೊಂದುವ ಎಸ್ಆರ್‌ಜಿಬಿ ಬಣ್ಣಪಟ್ಟಿಯಲ್ಲಿ ಉಳಿಸಿದೆ. ಫೈಲಿಗೆ ಕ್ಯಾಮೆರಾ ಕೊಟ್ಟ ಸಂಖ್ಯೆ ತೆಗೆದು ಕೃತಿಯ ಹೆಸರು, ವರ್ಷ ಇಟ್ಟೆ. ಮುಂದೆ ಯಾರಿಗಾದರೂ ಬೂದು ಚೌಕವೇ ಸಿಕ್ಕರೂ ಅಲ್ಲಿ ಏನಿತ್ತು ಎಂದಾದರೂ ತಿಳಿಯಲಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶಕ್ಕೆಂದು ಪ್ರತಿ ಚಿತ್ರಕ್ಕೂ ಎರಡು ಸಾಲು ವಿವರಣೆ ಬರೆಯಬೇಕಾಯಿತು. ಬರೆಯುವಾಗ, ನಾನು ಮಾಡಿದ್ದನ್ನು ನಾನೇ ಮೊದಲ ಸಲ ಸರಿಯಾಗಿ ನೋಡಿದೆ ಎನಿಸಿತು.

ಕನ್ನಡ ಹೆಚ್ಚು ಸಮಯ ತಿಂದಿತು. ಸಿದ್ಧ ಮಾದರಿಗಳೆಲ್ಲ ರೋಮನ್ ಅಕ್ಷರಕ್ಕೆ ಅಳೆದವು. ಸಾಲಿನ ಅಂತರ ಕಡಿಮೆ, ಹಾಗಾಗಿ 'ರಾಷ್ಟ್ರ', 'ಶಾಸ್ತ್ರ' ಎಂಬಲ್ಲಿ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು; ಶೀರ್ಷಿಕೆಯಲ್ಲಿ ಅರ್ಧ ಕತ್ತರಿಸಿಯೇ ಹೋಗುತ್ತಿತ್ತು. ಅಂತರವನ್ನು ಅಕ್ಷರದ ಎತ್ತರದ ಒಂದೂಮುಕ್ಕಾಲು ಪಟ್ಟು ಮಾಡಿದ ಮೇಲೆ ಸರಿಯಾಯಿತು. ಓರೆ ಅಕ್ಷರ ಬಿಟ್ಟೆ; ಕನ್ನಡವನ್ನು ಯಂತ್ರ ಓರೆ ಮಾಡಿದರೆ ಗಾಳಿಗೆ ಬಾಗಿದ ಬೇಲಿಯಂತೆ ಕಾಣುತ್ತದೆ. ನಮ್ಮ ಉದ್ದನೆಯ ಪದಗಳು ಫೋನಿನ ಕಿರಿದಾದ ಪರದೆಯಿಂದ ಹೊರಗೆ ಚಾಚುತ್ತಿದ್ದವು, ಶೀರ್ಷಿಕೆಗಳನ್ನೇ ಚಿಕ್ಕದಾಗಿ ಬರೆದೆ. ಇದ್ದಬದ್ದ ಚಲನೆ, ಜಾರುವ ಚಿತ್ರಗಳನ್ನು ತೆಗೆದು ಸರಳ ಎಚ್‌ಟಿಎಂಎಲ್ ಪುಟಗಳಾಗಿ ಇಟ್ಟೆ. ಮೂವತ್ತು ವರ್ಷದ ಹಿಂದೆ ಬರೆದ ಸರಳ ಪುಟಗಳು ಇಂದೂ ತೆರೆಯುತ್ತವೆ ಎನ್ನುವುದೇ ಅದಕ್ಕೆ ಕಾರಣ. ಇಡೀ ತಾಣ ಒಂದು ಫೋಲ್ಡರು. ಅದರ ನಕಲು ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ಹೋಸ್ಟ್ ಮಾಡುವವರು ನಾಳೆ ಬಾಗಿಲು ಹಾಕಿದರೂ ಅದನ್ನು ಎತ್ತಿ ಬೇರೆ ಕಡೆ ಇಡಬಹುದು. ರಟ್ಟು ಬದಲಾಯಿಸಿದಂತೆ.

ಗೋಡೆಚಿತ್ರಕ್ಕೆ ಏನು ಮಾಡುವುದೆಂದು ಬಹಳ ದಿನ ತಿಳಿಯಲಿಲ್ಲ. ನೆನಪಿನಿಂದ ಮತ್ತೆ ಬರೆದು 2018 ಎಂದು ಹಾಕಬಹುದಿತ್ತು. ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ದಿನಾಂಕಗಳನ್ನು ನಂಬಿ ಪಿಎಚ್‌ಡಿ ಬರೆಯುತ್ತಿರುವವಳು ಅದನ್ನು ಮಾಡಲಾಗದು. ಕೊನೆಗೆ ಒಂದು ಪುಟ ಇಟ್ಟೆ. ಹೆಸರು, ವರ್ಷ, ಇದ್ದಿಲು, ಹನ್ನೆರಡು ಅಡಿ. ಸುಣ್ಣದ ಕೆಳಗಿದೆ, ಫೋಟೊ ಉಳಿದಿಲ್ಲ. ಚಿತ್ರವಿಲ್ಲದ ಪುಟ. ಅರ್ಜಿ ನೋಡುವವರಿಗೆ ಅದು ಕೊರತೆಯಾಗಿ ಕಾಣಬಹುದು. ದಾಖಲೆಗೆ ಅದು ಬೇಕು.

ಮೈಸೂರಿನ ಕೆ. ವೆಂಕಟಪ್ಪನವರ ನೆನಪು ಇಲ್ಲಿ ಬರುತ್ತದೆ. ಅರಮನೆಯ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು. ಪ್ರದರ್ಶನ, ಪ್ರಚಾರಗಳಿಂದ ದೂರವೇ ಉಳಿದರು. ಆದರೆ ದಿನಚರಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿ ಊಟಿ, ಕೊಡೈಕನಾಲ್‌ಗಳ ಮಂಜಿನ ಚಿತ್ರಗಳ ಮುಂದೆ ನಿಂತಾಗ ಕಾಣುವುದು ಕಲಾವಿದ. ದಿನಚರಿಯಲ್ಲಿ ಸಿಗುವುದು ದಿನದಿನದ ದುಡಿಮೆ. ತೋರಿಸಿಕೊಳ್ಳಲು ಒಲ್ಲದವರೂ ಬರೆದಿಡಬಹುದು. ಇವೆರಡು ಒಂದೇ ಅಲ್ಲ ಎಂದು ಇವತ್ತಿನ ಕಲಾಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಕೊನೆಯ ವರ್ಷದಲ್ಲಿ 'ಲಿಂಕ್ ಮಾಡಿಕೊಳ್ಳಿ' ಎನ್ನುತ್ತಾರೆ. ಮೊದಲ ವರ್ಷದಲ್ಲಿ 'ಹಾಳೆಯ ಹಿಂದೆ ದಿನಾಂಕ ಬರೆಯಿರಿ' ಎಂದರೆ ಇನ್ನೂ ಒಳ್ಳೆಯದು.

ತಾಣ ಮುಗಿದ ಮೇಲೆ ಮತ್ತೆ ಮೇಷ್ಟ್ರ ಮನೆಗೆ ಹೋದೆ. ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಪರದೆಯನ್ನು ಕಣ್ಣಿನ ಹತ್ತಿರ ತಂದು ಒಂದೊಂದೇ ನೋಡಿದರು. ಬೆರಳು ತಾಗಿ ಎರಡು ಸಲ ಬೇರೆ ಪುಟಕ್ಕೆ ಹೋಯಿತು. ಚಿತ್ರವಿಲ್ಲದ ಪುಟದಲ್ಲಿ ನಿಂತು ಓದಿದರು.

"ಇದೊಂದು ಸರಿಯಾಗಿ ಬರ್ದಿದೀಯ" ಅಂದರು. ಆಮೇಲೆ, "ಎಲ್ಲ ಒಂದ್ಸಲ ಪ್ರಿಂಟ್ ತೆಗೆಸಿಟ್ಕೊ ಕಣಮ್ಮ. ರಟ್ಟು ನಾನು ಕೊಡ್ತೀನಿ."

ಒಟ್ಟು ಇಪ್ಪತ್ತಾರು ಹಾಳೆಯಾಯಿತು. ಹಿಂದೆ ಪೆನ್ಸಿಲ್‌ನಲ್ಲಿ ದಿನಾಂಕ ಬರೆದಿದ್ದೇನೆ. ಲಾಡಿ ಮೂರೂ ಕಡೆ ಅವರೇ ಕಟ್ಟಿಕೊಟ್ಟರು.